ಕಾಲೇಜಿನ ಸೀಟು ಸಿಕ್ಕ ಮೇಲೆ ಪಾಠ ಯಾರದು?

ಬೌದ್ಧಿಕ ವಿಕಲತೆಯುಳ್ಳ ಮಗ ಅಥವಾ ಮಗಳಿಗೆ ಹದಿನೆಂಟು ತುಂಬುತ್ತಿದ್ದಂತೆ ತಂದೆತಾಯಿಗಳು ವಿಶೇಷ ಶಿಕ್ಷಕರ ಬಳಿ ಬಂದು ಕೇಳುವುದು ಬಹುಮಟ್ಟಿಗೆ ಒಂದೇ ಪ್ರಶ್ನೆ: "ಶಾಲೆ ಮುಗಿಯಿತು ಮೇಡಂ, ಇನ್ನು ಮುಂದೇನು?" 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವುಳ್ಳ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣವನ್ನು ಖಾತ್ರಿಪಡಿಸುತ್ತದೆ. ಆದರೆ ಈ ಮಕ್ಕಳಲ್ಲಿ ಅನೇಕರಿಗೆ ಹಣದ ಲೆಕ್ಕ, ಸಮಯದ ಅಂದಾಜು, ಸಣ್ಣ ಟಿಪ್ಪಣಿಯೊಂದನ್ನು ಓದಿ ಅದರಂತೆ ನಡೆದುಕೊಳ್ಳುವುದು ಕೈಗೆ ಹತ್ತುವುದೇ ಹದಿನಾರು, ಹದಿನೆಂಟರ ಆಸುಪಾಸಿನಲ್ಲಿ. ಕಲಿಕೆ ವೇಗ ಪಡೆಯುವ ವಯಸ್ಸಿನಲ್ಲಿಯೇ ಉಚಿತ ಶಿಕ್ಷಣದ ಅವಧಿ ಮುಗಿದುಹೋಗುತ್ತದೆ.

ಅಲ್ಲಿಂದ ಮುಂದಕ್ಕೆ ಅದೇ ಕಾಯ್ದೆಯ 32ನೇ ಕಲಮು ಇದೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳು ಕನಿಷ್ಠ ಶೇ 5ರಷ್ಟು ಸೀಟುಗಳನ್ನು ವಿಕಲಚೇತನರಿಗೆ ಮೀಸಲಿಡಬೇಕು, ಗರಿಷ್ಠ ವಯೋಮಿತಿಯಲ್ಲಿ ಐದು ವರ್ಷ ಸಡಿಲಿಸಬೇಕು ಎಂದು ಅದು ಹೇಳುತ್ತದೆ. ಸರ್ಕಾರಿ ಉದ್ಯೋಗದ 34ನೇ ಕಲಮನ್ನು ಇದರ ಪಕ್ಕದಲ್ಲಿಟ್ಟು ಓದಿದರೆ ವ್ಯತ್ಯಾಸ ಕಾಣುತ್ತದೆ. ಉದ್ಯೋಗದ ಶೇ 4ರ ಮೀಸಲಾತಿಯಲ್ಲಿ ಶೇ 1ನ್ನು ಆಟಿಸಂ, ಬೌದ್ಧಿಕ ವಿಕಲತೆ, ನಿರ್ದಿಷ್ಟ ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ ಮತ್ತು ಬಹುವಿಧ ವೈಕಲ್ಯ ಉಳ್ಳವರಿಗೆಂದು ಬೇರ್ಪಡಿಸಲಾಗಿದೆ. ಸೀಟುಗಳಲ್ಲಿ ಅಂಥ ಒಳಹಂಚಿಕೆಯಿಲ್ಲ. ಬೌದ್ಧಿಕ ವಿಕಲತೆಯುಳ್ಳವರಿಗೆ ಹುದ್ದೆಯ ಪಾಲನ್ನು ಗುರುತಿಸಿಕೊಟ್ಟ ಕಾನೂನು, ಆ ಹುದ್ದೆಗೆ ಬೇಕಾದ ಓದಿನ ಪಾಲನ್ನು ಮಾತ್ರ ಗುರುತಿಸದೆ ಬಿಟ್ಟಿದೆ. ಅರ್ಹತಾ ಪರೀಕ್ಷೆಯ ಅಂಕಗಳ ಮೇಲೆ ಸೀಟು ಹಂಚುವಾಗ ಇವರು ಸಾಲಿನ ಕೊನೆಗೆ ಉಳಿಯುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಮೊದಲ ಅಡ್ಡಿ ಹತ್ತನೇ ತರಗತಿ. ಎಸ್ಸೆಸ್ಸೆಲ್ಸಿ ಕಷ್ಟವೆನಿಸುವವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್, ನಾನು ಸಾಮಾನ್ಯವಾಗಿ ಸೂಚಿಸುವ ದಾರಿ. ಅಲ್ಲಿ ಐದು ವಿಷಯ ಸಾಕು, ಅವುಗಳಲ್ಲಿ ಒಂದಾದರೂ ಭಾಷೆಯಿರಬೇಕು. ಗೃಹವಿಜ್ಞಾನ, ಚಿತ್ರಕಲೆ, ಡೇಟಾ ಎಂಟ್ರಿಯಂಥ ವಿಷಯಗಳನ್ನು ಆಯ್ದುಕೊಳ್ಳಬಹುದು. ಐದು ವರ್ಷಗಳಲ್ಲಿ ಒಂಬತ್ತು ಅವಕಾಶಗಳಿರುವುದರಿಂದ ಒಂದು ಸಲಕ್ಕೆ ಒಂದೋ ಎರಡೋ ವಿಷಯ ಬರೆದರೂ ನಡೆಯುತ್ತದೆ. ಸುಲಭವೆಂದು ಗಣಿತವನ್ನು ಕೈಬಿಡುವ ಮುನ್ನ ಮಾತ್ರ, ಮುಂದೆ ಸೇರಬೇಕೆಂದಿರುವ ಕೋರ್ಸು ಅದನ್ನು ಕೇಳುತ್ತದೆಯೇ ಎಂದು ನೋಡಿಕೊಳ್ಳಬೇಕು. ಎಂಟನೇ ತರಗತಿಯ ಅರ್ಹತೆಯ ಮೇಲೆಯೇ ಸೇರಿಸಿಕೊಳ್ಳುವ ಕೆಲವು ಐಟಿಐ ವೃತ್ತಿಗಳೂ ಇವೆ. ಎನ್‌ಐಒಎಸ್‌ನ ಮುಕ್ತ ಮೂಲಶಿಕ್ಷಣದ 'ಸಿ' ಹಂತ ಎಂಟನೇ ತರಗತಿಗೆ ಸಮಾನವೆಂಬುದು ಇಲ್ಲಿ ನೆನಪಿಡಬೇಕಾದ ಸಂಗತಿ.

ಪ್ರವೇಶ ಸಿಕ್ಕಿತೆಂದುಕೊಳ್ಳೋಣ. ಕಾಲೇಜುಗಳು ಒಳ್ಳೆಯ ಮನಸ್ಸಿನಿಂದಲೇ ಪರೀಕ್ಷೆಯಲ್ಲಿ ವಿದ್ಯಾರ್ಥಿ ಹೇಳಿದ ಉತ್ತರವನ್ನು ಬರೆದುಕೊಡುವ ಲಿಪಿಕಾರರನ್ನು ಒದಗಿಸುತ್ತವೆ, ಗಂಟೆಗೆ 20 ನಿಮಿಷದಂತೆ ಹೆಚ್ಚುವರಿ ಸಮಯವನ್ನೂ ಕೊಡುತ್ತವೆ. ದೃಷ್ಟಿದೋಷವಿರುವ ಅಥವಾ ಕೈಯಾಡದ ವಿದ್ಯಾರ್ಥಿಗೆ ಇದು ನ್ಯಾಯ ಒದಗಿಸುತ್ತದೆ, ಏಕೆಂದರೆ ಅವರಲ್ಲಿ ಉತ್ತರವಿದೆ, ಅದು ಕಾಗದಕ್ಕೆ ಇಳಿಯಬೇಕಷ್ಟೆ. ಬೌದ್ಧಿಕ ವಿಕಲತೆಯಲ್ಲಿ ತೊಡಕು ಇರುವುದು ಪ್ರಶ್ನೆಯ ವಾಕ್ಯದಲ್ಲಿ, ಪಾಠದ ಅಮೂರ್ತತೆಯಲ್ಲಿ, ಒಂದೇ ಸಲಕ್ಕೆ ನೆನಪಿನಲ್ಲಿ ಹಿಡಿದಿಡಬೇಕಾದ ಸಂಗತಿಗಳ ಸಂಖ್ಯೆಯಲ್ಲಿ. ಅರ್ಥವಾಗದ ಪ್ರಶ್ನೆಯ ಮುಂದೆ ಇನ್ನೊಂದು ಗಂಟೆ ಕೂರಿಸುವುದು ಸೌಲಭ್ಯವಲ್ಲ, ದಣಿವು. ಕಾಯ್ದೆಯ 17ನೇ ಕಲಮು ಪಠ್ಯಕ್ರಮ ಮತ್ತು ಪರೀಕ್ಷಾ ವ್ಯವಸ್ಥೆ ಎರಡರಲ್ಲೂ ಸೂಕ್ತ ಮಾರ್ಪಾಡು ಮಾಡಬೇಕೆನ್ನುತ್ತದೆ. ಆದರೆ ಉದಾಹರಣೆಯಾಗಿ ಕೊಡುವುದು ಹೆಚ್ಚುವರಿ ಸಮಯ, ಲಿಪಿಕಾರ ಮತ್ತು ಎರಡನೇ, ಮೂರನೇ ಭಾಷೆಯ ವಿನಾಯಿತಿಯನ್ನು. ಸಂಸ್ಥೆಗಳು ಉದಾಹರಣೆಗಳನ್ನೇ ಹಿಡಿದುಕೊಂಡು ಪಠ್ಯಕ್ರಮವನ್ನು ಮರೆತಿವೆ ಎಂಬುದು ನನ್ನ ತಕರಾರು.

ಪಠ್ಯಕ್ರಮದ ಮಾರ್ಪಾಡು ಎಂದರೆ ಏನೆಂದು ಆಹಾರ ತಯಾರಿಕೆಯ ಕೋರ್ಸೊಂದರ ನೈರ್ಮಲ್ಯದ ಅಧ್ಯಾಯದಲ್ಲಿ ನೋಡಬಹುದು. ಸೂಕ್ಷ್ಮಾಣುಗಳ ವಿಧಗಳು, ಅವುಗಳ ಬೆಳವಣಿಗೆಯ ಹಂತಗಳು, ಆಹಾರದಿಂದ ಬರುವ ರೋಗಗಳ ಪಟ್ಟಿ ಎಲ್ಲವೂ ಅದರಲ್ಲಿರುತ್ತದೆ. ಅಡುಗೆಮನೆಯಲ್ಲಿ ನಿಲ್ಲುವವರಿಗೆ ತಪ್ಪದೆ ಗೊತ್ತಿರಬೇಕಾದದ್ದು ಮಾತ್ರ ಬಿಸಿ ಪದಾರ್ಥ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಬೇಕು, ತಣ್ಣನೆಯದು 5 ಡಿಗ್ರಿಗಿಂತ ಕೆಳಗಿರಬೇಕು, ಹಸಿ ಮಾಂಸಕ್ಕೆ ಬಳಸಿದ ಚಾಕು ತರಕಾರಿಗೆ ತಾಗಬಾರದು ಎಂಬಷ್ಟು. ಇದನ್ನು ಥರ್ಮಾಮೀಟರ್ ಕೈಗೆ ಕೊಟ್ಟು, ಕೆಂಪು ಮತ್ತು ಹಸಿರು ಗುರುತು ಮಾಡಿ, ಹಲವು ದಿನ ಅದೇ ಅನುಕ್ರಮದಲ್ಲಿ ಮಾಡಿಸಿ, ಕೊನೆಗೆ ಅಡುಗೆಮನೆಯಲ್ಲಿಯೇ ಪರೀಕ್ಷಿಸಬೇಕು. ಇದರಿಂದ ಮಟ್ಟ ಇಳಿಯುತ್ತದೆಂದು ಅಧ್ಯಾಪಕರು ಆಕ್ಷೇಪಿಸುವುದುಂಟು. ಮಾಡಿ ತೋರಿಸಿದ್ದನ್ನು ಅಳೆದರೆ ಮಟ್ಟ ಇಳಿಯುವುದಿಲ್ಲ. ಕಲಿಯದ್ದನ್ನು ಕಲಿತಂತೆ ಬರೆದು ಕರುಣೆಯಿಂದ ಪ್ರಮಾಣಪತ್ರ ಕೊಟ್ಟರೆ ಖಂಡಿತ ಇಳಿಯುತ್ತದೆ, ಮತ್ತು ಅಂಥ ಪ್ರಮಾಣಪತ್ರವನ್ನು ಉದ್ಯೋಗದಾತರು ಬೇಗನೆ ಗುರುತಿಸುತ್ತಾರೆ.

ಪದವಿಯೇ ಏಕೈಕ ಗುರಿಯಾಗಬೇಕಿಲ್ಲ. ಡೌನ್ ಸಿಂಡ್ರೋಮ್ ಇರುವ ಸ್ಪೇನಿನ ಪಾಬ್ಲೊ ಪಿನೆಡಾ ವಿಶ್ವವಿದ್ಯಾಲಯದ ಪದವಿ ಪಡೆದದ್ದು ನಿಜ, ಆದರೆ ಅವರ ಚಿತ್ರವನ್ನು ಮುಂದಿಟ್ಟು ಪ್ರತಿಯೊಬ್ಬರಿಂದಲೂ ಅದನ್ನೇ ನಿರೀಕ್ಷಿಸುವುದು ಅನ್ಯಾಯ. ನನಗೆ ಹೆಚ್ಚು ಉಪಯುಕ್ತವೆನಿಸುವುದು ಡಬ್ಲಿನ್‌ನ ಟ್ರಿನಿಟಿ ಕಾಲೇಜು ಬೌದ್ಧಿಕ ವಿಕಲತೆಯುಳ್ಳವರಿಗೆಂದೇ ನಡೆಸುವ ಎರಡು ವರ್ಷದ ಸರ್ಟಿಫಿಕೇಟ್ ಕೋರ್ಸು. ಅಮೆರಿಕವು 2008ರ ಉನ್ನತ ಶಿಕ್ಷಣ ಕಾಯ್ದೆಯಲ್ಲಿ ಇಂಥ ವಿದ್ಯಾರ್ಥಿಗಳು ಪದವಿಯ ದಾರಿಯಲ್ಲಿ ಇರದಿದ್ದರೂ ಮಾನ್ಯತೆ ಪಡೆದ ಕಾರ್ಯಕ್ರಮಗಳಲ್ಲಿದ್ದರೆ ಕೇಂದ್ರ (ಫೆಡರಲ್) ಸರ್ಕಾರದ ಹಣಕಾಸಿನ ನೆರವು ಪಡೆಯಲು ಅವಕಾಶ ಮಾಡಿಕೊಟ್ಟಿತು. ನಮ್ಮಲ್ಲಿ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಓದಿ ಗಳಿಸಿದ ಕ್ರೆಡಿಟ್‌ಗಳನ್ನು ಜಮಾ ಇಡುವ ಕ್ರೆಡಿಟ್ ಬ್ಯಾಂಕ್ ಮತ್ತು ನಡುವೆ ನಿಲ್ಲಿಸಿ ಮತ್ತೆ ಸೇರುವ ಸೌಲಭ್ಯವನ್ನು ಹೇಳಿದೆ. ನಿಧಾನವಾಗಿ ಕಲಿಯುವವರಿಗೆ ಇದಕ್ಕಿಂತ ಅನುಕೂಲವಾದ ಚೌಕಟ್ಟು ಸಿಗುವುದು ಕಷ್ಟ, ಆದರೂ ಅದನ್ನು ಇವರ ಸಲುವಾಗಿ ಬಳಸುವ ಬಗ್ಗೆ ಕಾಲೇಜುಗಳಲ್ಲಿ ಚರ್ಚೆ ನಡೆದದ್ದನ್ನು ನಾನು ಕೇಳಿಲ್ಲ.

ಪೋಷಕರಿಗೆ ಇನ್ನೊಂದು ಮಾತು. ಪ್ರವೇಶದ ಅರ್ಜಿಗೆ ಸಹಿ ಯಾರದೆಂಬ ಗೊಂದಲದಲ್ಲಿ ಕೆಲವರು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಪಾಲಕತ್ವಕ್ಕಾಗಿ, ಅಂದರೆ ಮಗ ಅಥವಾ ಮಗಳ ಪರವಾಗಿ ನಿರ್ಧರಿಸುವ ಕಾನೂನಿನ ಅಧಿಕಾರಕ್ಕಾಗಿ, ಸ್ಥಳೀಯ ಮಟ್ಟದ ಸಮಿತಿಗೆ ಆತುರದಿಂದ ಅರ್ಜಿ ಹಾಕುತ್ತಾರೆ. ಆಸ್ತಿ ಅಥವಾ ಚಿಕಿತ್ಸೆಯ ವಿಚಾರದಲ್ಲಿ ಅದು ಬೇಕಾಗಬಹುದು. ಆದರೆ 2016ರ ಕಾಯ್ದೆ ವಿಕಲಚೇತನರಿಗೂ ಎಲ್ಲರಂತೆ ಕಾನೂನು ಸಾಮರ್ಥ್ಯವಿದೆಯೆಂದು ಒಪ್ಪಿದೆ. ಕಾಲೇಜಿನವರು ಪಾಲಕತ್ವದ ಪತ್ರ ಕೇಳಿದರೆ ಯಾವ ನಿಯಮದಡಿ ಕೇಳುತ್ತಿದ್ದಾರೆಂಬುದನ್ನು ಬರಹದಲ್ಲಿ ಪಡೆಯಿರಿ, ಅರ್ಜಿಗೆ ಮಗನೋ ಮಗಳೋ ತಾವೇ ಸಹಿ ಹಾಕುವುದನ್ನು ಅದಕ್ಕೂ ಮೊದಲೇ ಅಭ್ಯಾಸ ಮಾಡಿಸಿ.