ಕೌನ್ಸೆಲಿಂಗ್‌ನಲ್ಲಿ ರೋಗಿಯ ಪಾಲು

ಕೌನ್ಸೆಲಿಂಗ್ ಅಂದರೆ ಬುದ್ಧಿವಾದ ಹೇಳಿಸಿಕೊಂಡು ಬರೋದು ಅಂತ ತುಂಬಾ ಜನ ನಂಬಿದ್ದಾರೆ. ‘ನಮ್ಮ ಹುಡುಗನಿಗೆ ಸ್ವಲ್ಪ ಬುದ್ಧಿ ಹೇಳಿ ಡಾಕ್ಟ್ರೇ’ ಅನ್ನೋ ಅಪ್ಪ ಅಮ್ಮಂದಿರು ಬೇಕಾದಷ್ಟು. ಈ ನಂಬಿಕೆ ಎಷ್ಟು ತಪ್ಪು ಅಂತ ಗೊತ್ತಾಗಬೇಕಾದರೆ ಅಮೆರಿಕದ ಒಂದು ಹಳೇ ಪ್ರಯೋಗದ ಕಥೆ ಕೇಳಬೇಕು.

1980ರ ದಶಕದಲ್ಲಿ ಅಲ್ಲಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ ಖಿನ್ನತೆಗೆ ಯಾವ ಚಿಕಿತ್ಸೆ ಒಳ್ಳೇದು ಅಂತ ಪರೀಕ್ಷೆ ಮಾಡಿಸಿತು. ರೋಗಿಗಳನ್ನು ನಾಲ್ಕು ಗುಂಪು ಮಾಡಿದರು. ಎರಡು ಗುಂಪಿಗೆ ಮಾತಿನ ಚಿಕಿತ್ಸೆ: ಒಂದಕ್ಕೆ ಯೋಚನೆಯ ಜಾಡು ತಿದ್ದುವ ಸಿಬಿಟಿ, ಇನ್ನೊಂದಕ್ಕೆ ಸಂಬಂಧಗಳ ತೊಡಕು ಬಿಡಿಸುವಂಥದ್ದು. ಮೂರನೇ ಗುಂಪಿಗೆ ಇಮಿಪ್ರಮಿನ್ ಮಾತ್ರೆ. ನಾಲ್ಕನೆಯದಕ್ಕೆ ಔಷಧಿಯೇ ಇಲ್ಲದ ಮಾತ್ರೆ. ಮಾತ್ರೆಯವರನ್ನೂ ವೈದ್ಯರು ತಪ್ಪದೆ ಕಂಡು ಮಾತಾಡಿಸುತ್ತಿದ್ದರು.

ಆಮೇಲೆ ಜಾನಿಸ್ ಕ್ರುಪ್ನಿಕ್ ಮತ್ತು ಸಂಗಡಿಗರು 225 ರೋಗಿಗಳ ಭೇಟಿಯ ವಿಡಿಯೋಗಳನ್ನು ಪರಿಣತರಿಂದ ನೋಡಿಸಿ, ರೋಗಿ ಮತ್ತು ಚಿಕಿತ್ಸಕರ ನಡುವಿನ ಹೊಂದಾಣಿಕೆಗೆ ಅಂಕ ಹಾಕಿಸಿದರು. 1996ರಲ್ಲಿ ಫಲಿತಾಂಶ ಬಂತು. ಹೊಂದಾಣಿಕೆ ಚೆನ್ನಾಗಿದ್ದ ಕಡೆ ಚೇತರಿಕೆಯೂ ಜಾಸ್ತಿ. ನಾಲ್ಕೂ ಗುಂಪಿನಲ್ಲಿ ಹೀಗೇ! ಖಾಲಿ ಮಾತ್ರೆ ನುಂಗಿದವರಲ್ಲೂ ಹೀಗೇ. ನನಗೆ ಇನ್ನೂ ಬೆರಗು ತಂದದ್ದು ಬೇರೆ: ಆ ಹೊಂದಾಣಿಕೆಯಲ್ಲಿ ಚೇತರಿಕೆಯ ಜೊತೆ ನಂಟು ಕಂಡದ್ದು ರೋಗಿಯ ಪಾಲಿಗೆ, ಅಂದರೆ ಅವರು ಮನಸ್ಸು ಬಿಚ್ಚಿ ತೊಡಗಿಕೊಳ್ಳೋದಕ್ಕೆ. ಚಿಕಿತ್ಸಕರ ಪಾಲಿಗೆ ಅಂಥ ನಂಟು ಸಿಗಲಿಲ್ಲ.

ಹಾಗಾದ್ರೆ ವಾಸಿಯಾಗದಿದ್ದರೆ ತಪ್ಪು ರೋಗಿಯದ್ದೇ? ಖಂಡಿತ ಅಲ್ಲ. 2007ರಲ್ಲಿ ಬಾಲ್ಡ್‌ವಿನ್ ಮತ್ತು ಸಂಗಡಿಗರು 331 ಜನರನ್ನೂ ಅವರ 80 ಚಿಕಿತ್ಸಕರನ್ನೂ ಹೋಲಿಸಿ ನೋಡಿದಾಗ ತಕ್ಕಡಿ ಇನ್ನೊಂದು ಕಡೆ ವಾಲಿತು. ಬಂದವರ ಜೊತೆ ಸಲೀಸಾಗಿ ನಂಟು ಬೆಳೆಸುವ ಚಿಕಿತ್ಸಕರ ರೋಗಿಗಳೇ ಹೆಚ್ಚು ಚೇತರಿಸಿಕೊಂಡಿದ್ದರು. ಇಬ್ಬರ ಪಾಲನ್ನು ಬಿಡಿಸಿ ತೂಗೋದು ಅಷ್ಟು ಸುಲಭ ಅಲ್ಲ.

ಕೌನ್ಸೆಲಿಂಗ್ ಕೋಣೆಯಲ್ಲಿ ಇದು ಹೇಗೆ ನಡೆಯುತ್ತೆ? ಸಿಬಿಟಿಯಲ್ಲಿ ಹೋಂವರ್ಕ್ ಕೊಡುತ್ತಾರೆ, ಬೇಜಾರಾದಾಗ ಮನಸ್ಸಿಗೆ ಬಂದ ಯೋಚನೆ ಬರೆದಿಡಿ ಅಂತ. ಒಬ್ಬ ಸೊಸೆ ಖಾಲಿ ನೋಟ್‌ಬುಕ್ ಹಿಡಿದು ಬಂದಳು ಅಂದುಕೊಳ್ಳಿ. ‘ಟೈಮೇ ಆಗ್ಲಿಲ್ಲ ಮೇಡಂ.’ ಅಲ್ಲಿಗೇ ಬಿಟ್ಟರೆ ಮುಗೀತು. ‘ಬರೆಯೋದು ನಿಮಗೆ ಇಷ್ಟ ಆಗ್ಲಿಲ್ವಾ?’ ಅಂತ ಮೆಲ್ಲಗೆ ಕೇಳಿದರೆ ನಿಜ ಹೊರಗೆ ಬರುತ್ತೆ: ‘ಅತ್ತೆ ಕೈಗೆ ಸಿಕ್ಕಿದ್ರೆ ಏನ್ಮಾಡ್ಲಿ?’ ಫೋನ್‌ನಲ್ಲಿ ಬರೆದು ಲಾಕ್ ಹಾಕ್ತೀನಿ ಅಂತ ಅವಳೇ ದಾರಿ ಹುಡುಕುತ್ತಾಳೆ. ಅವಳು ಕಂಡುಕೊಂಡ ದಾರಿ, ಹಾಗಾಗಿ ಮಾಡುತ್ತಾಳೆ ಕೂಡ.

ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಜೆರೆಮಿ ಸಾಫ್ರನ್ ರೋಗಿ ಮತ್ತು ಚಿಕಿತ್ಸಕರ ನಡುವೆ ಬೀಳುವ ಇಂಥ ಬಿರುಕುಗಳನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದರು. ಬಿರುಕು ಬಿಟ್ಟದ್ದನ್ನು ಇಬ್ಬರೂ ಸೇರಿ ಸರಿ ಮಾಡಿಕೊಂಡರೆ ಫಲಿತಾಂಶ ಉತ್ತಮ ಅಂತ ನಂತರದ ಅಧ್ಯಯನಗಳೂ ಹೇಳುತ್ತವೆ. ನಮ್ಮ ಚಿಂತೆ ಇರೋದು ಇಲ್ಲೇ. ಡಾಕ್ಟ್ರಿಗೆ ಎದುರು ಹೇಳಬಾರದು ಅನ್ನೋ ಸಂಕೋಚ ನಮ್ಮಲ್ಲಿ ಜಾಸ್ತಿ. ಎಲ್ಲದಕ್ಕೂ ಹೂಂ ಅಂದು ಎದ್ದು ಬರುತ್ತೇವೆ. ಮುಂದಿನ ವಾರ ಆ ಕಡೆ ತಲೆ ಹಾಕೋದೇ ಇಲ್ಲ. ಯಾಕೆ ಅಂತ ಚಿಕಿತ್ಸಕರಿಗೂ ಗೊತ್ತಾಗಲ್ಲ.