ವಾರಕ್ಕೊಂದು ಮಾತ್ರೆ, ದಿನಕ್ಕೊಂದಾದರೆ

ನಮ್ಮ ದೊಡ್ಡಮ್ಮನಿಗೆ ಕೈಬೆರಳಿನ ಕೀಲುಗಳೆಲ್ಲ ಊದಿಕೊಂಡು, ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲಿಕ್ಕೂ ಆಗುತ್ತಿರಲಿಲ್ಲ. ರುಮಟಾಯ್ಡ್ ಆರ್ಥ್ರೈಟಿಸ್ ಅಂದರು ಡಾಕ್ಟರು. ಮೆಥೊಟ್ರೆಕ್ಸೇಟ್ ಬರೆದುಕೊಟ್ಟರು. ವಾರಕ್ಕೆ ಒಂದು ಸಲ ಅಂತ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಸರಿಯಾಗಿಯೇ ಇತ್ತು. ಆದರೆ ಮೆಡಿಕಲ್ ಶಾಪಿನವರು ಶೀಟಿನಿಂದ ನಾಲ್ಕು ಮಾತ್ರೆ ಕತ್ತರಿಸಿ ಕವರಿಗೆ ಹಾಕಿ, ಮೇಲೆ ಪೆನ್ನಿನಲ್ಲಿ 0-0-1 ಅಂತ ಬರೆದಿದ್ದರು. ದೊಡ್ಡಮ್ಮ ನೋಡುವುದು ಕವರನ್ನು, ಚೀಟಿಯನ್ನಲ್ಲ. ಎರಡು ರಾತ್ರಿ ನುಂಗಿದ್ದರು. ಮೂರನೇ ದಿನ ನಮ್ಮ ಅಕ್ಕ ಅದನ್ನು ನೋಡಿ ಗಾಬರಿಯಾಗಿ ಡಾಕ್ಟರಿಗೆ ಫೋನ್ ಮಾಡಿದಳು. ರಕ್ತಪರೀಕ್ಷೆ ಮಾಡಿಸಿದೆವು, ಪುಣ್ಯಕ್ಕೆ ಏನೂ ಆಗಿರಲಿಲ್ಲ.

ಆಮೇಲೆ ಇದರ ಬಗ್ಗೆ ಓದುತ್ತಾ ಹೋದರೆ ಗೊತ್ತಾಗಿದ್ದು ಏನೆಂದರೆ, ಇದು ನಮ್ಮ ಮನೆಯಲ್ಲಿ ಮಾತ್ರ ಆದ ತಪ್ಪಲ್ಲ. ಇದೇ ಔಷಧ, ಇದೇ ತಪ್ಪು, ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾ, ಭಾರತ ಎಲ್ಲ ಕಡೆ ಆಗಿದೆ. ಜನ ಸತ್ತಿದ್ದಾರೆ.

ವೈದ್ಯಕೀಯ ಎಡವಟ್ಟು ಅಂದ ಕೂಡಲೇ ಹೊಟ್ಟೆಯಲ್ಲಿ ಬಿಟ್ಟ ಹತ್ತಿಬಟ್ಟೆಯೋ, ಎಡಗಾಲಿನ ಬದಲು ಬಲಗಾಲಿಗೆ ಮಾಡಿದ ಆಪರೇಷನ್ನೋ ನೆನಪಾಗುತ್ತದೆ. ಅವು ಪೇಪರಿನಲ್ಲಿ ಬರುತ್ತವೆ, ಅವಕ್ಕೆ ಎಕ್ಸ್‌ರೇ ಸಾಕ್ಷಿ ಇರುತ್ತದೆ. ಮಾತ್ರೆಯ ತಪ್ಪು ಹಾಗಲ್ಲ. ಅದು ಮನೆಯಲ್ಲಿ, ಊಟ ಆದಮೇಲೆ, ಒಂದು ಲೋಟ ನೀರಿನ ಜೊತೆ ಆಗುತ್ತದೆ. ಯಾರಿಗೂ ಕಾಣುವುದಿಲ್ಲ.

ವಾರಕ್ಕೊಮ್ಮೆ ತೆಗೆದುಕೊಂಡರೆ ಒಳ್ಳೆಯದು ಮಾಡುವ ಔಷಧ ದಿನಾ ತೆಗೆದುಕೊಂಡರೆ ಯಾಕೆ ಕೊಲ್ಲುತ್ತದೆ? ಇದಕ್ಕೆ ಫೋಲೇಟ್ ಅನ್ನುವ ವಿಟಮಿನ್ ಕಥೆ ಸ್ವಲ್ಪ ಗೊತ್ತಿರಬೇಕು. ಆ ಕಥೆಯ ಮುಖ್ಯ ಭಾಗ ನಮ್ಮ ದೇಶದ್ದೇ. ಲೂಸಿ ವಿಲ್ಸ್ ಅನ್ನುವ ಇಂಗ್ಲಿಷ್ ವೈದ್ಯೆ 1928ರಲ್ಲಿ ಮುಂಬೈಗೆ ಬಂದು, ಅಲ್ಲಿನ ಬಡ ಬಸುರಿಯರಿಗೆ ಬರುತ್ತಿದ್ದ ಒಂದು ಬಗೆಯ ರಕ್ತಹೀನತೆ ಯೀಸ್ಟ್ ಸಾರದಿಂದ ವಾಸಿಯಾಗುತ್ತದೆ ಅಂತ ತೋರಿಸಿದರು. ಆ ಸಾರದಲ್ಲಿ ಇದ್ದದ್ದು ಫೋಲೇಟ್. ಹೊಸ ಜೀವಕೋಶ ಹುಟ್ಟಬೇಕಾದರೆ ಡಿಎನ್‌ಎ ಬೇಕು, ಡಿಎನ್‌ಎ ತಯಾರಾಗಬೇಕಾದರೆ ಫೋಲೇಟ್ ಬೇಕು. ಹಾಗಾದರೆ ಫೋಲೇಟಿನ ಕೆಲಸ ನಿಲ್ಲಿಸಿದರೆ ಕ್ಯಾನ್ಸರ್ ಕೋಶ ಬೆಳೆಯುವುದೂ ನಿಲ್ಲಬೇಕಲ್ವಾ? ಈ ದಾರಿಯಲ್ಲಿ ಔಷಧ ಮಾಡಿಕೊಟ್ಟ ತಂಡದ ಮುಖ್ಯಸ್ಥರು ಭೀಮಾವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿದ್ದ ಯಲ್ಲಾಪ್ರಗಡ ಸುಬ್ಬರಾವ್. 1948ರಲ್ಲಿ ಬೋಸ್ಟನ್ನಿನ ಸಿಡ್ನಿ ಫಾರ್ಬರ್ ಅವರು ಅಂಥದ್ದೊಂದು ಔಷಧದಿಂದ ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಲ್ಲಿ ಕಾಯಿಲೆ ಕೆಲವು ತಿಂಗಳಾದರೂ ಹಿಂದೆ ಸರಿದದ್ದನ್ನು ವರದಿ ಮಾಡಿದರು. ಮೆಥೊಟ್ರೆಕ್ಸೇಟ್ ಅದೇ ಕುಟುಂಬದ್ದು.

ಆಮೇಲೆ ಇದು ಕಡಿಮೆ ಪ್ರಮಾಣದಲ್ಲಿ ಕೀಲುವಾತಕ್ಕೆ, ಚರ್ಮದ ಕಾಯಿಲೆಯಾದ ಸೋರಿಯಾಸಿಸ್‌ಗೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಗೊತ್ತಾಯಿತು. ವಾರಕ್ಕೊಮ್ಮೆ ತೆಗೆದುಕೊಂಡಾಗ ಕಿಡ್ನಿ ಹೆಚ್ಚಿನ ಪಾಲನ್ನು ಒಂದೆರಡು ದಿನದಲ್ಲಿ ಹೊರಗೆ ಹಾಕುತ್ತದೆ, ಉಳಿದ ದಿನಗಳಲ್ಲಿ ಒಳ್ಳೆಯ ಕೋಶಗಳು ಸುಧಾರಿಸಿಕೊಳ್ಳುತ್ತವೆ. ದಿನಾ ನುಂಗಿದರೆ ಆ ಬಿಡುವೇ ಸಿಗುವುದಿಲ್ಲ. ಔಷಧ ಕೋಶದ ಒಳಗೇ ಸೇರಿಕೊಳ್ಳುತ್ತಾ ಹೋಗುತ್ತದೆ. ಮೊದಲು ಪೆಟ್ಟು ಬೀಳುವುದು ಬೇಗ ಬೇಗ ಹುಟ್ಟುವ ಕೋಶಗಳಿಗೆ, ಅಂದರೆ ಬಾಯಿಯ ಒಳಪದರಕ್ಕೆ, ಕರುಳಿಗೆ, ಮೂಳೆಯೊಳಗಿನ ಮಜ್ಜೆಗೆ. ಮಜ್ಜೆ ಕೈಕೊಟ್ಟರೆ ಬಿಳಿ ರಕ್ತಕಣ ಇಲ್ಲ, ಪ್ಲೇಟ್‌ಲೆಟ್ ಇಲ್ಲ. ಆಮೇಲೆ ಸೋಂಕು, ರಕ್ತಸ್ರಾವ. ವಯಸ್ಸಾಗಿ ಕಿಡ್ನಿ ಸೋತವರಿಗೆ ಇದು ಇನ್ನೂ ಬೇಗ ಆಗುತ್ತದೆ.

ನನಗೆ ಜಾಸ್ತಿ ಹೆದರಿಕೆ ಆಗುವುದು ಬಾಯಿಹುಣ್ಣಿನ ವಿಷಯದಲ್ಲಿ. ಅದು ಮೊದಲ ಎಚ್ಚರಿಕೆ. ಆದರೆ ನಮ್ಮಲ್ಲಿ ಬಾಯಿಹುಣ್ಣು ಅಂದರೆ "ಉಷ್ಣ ಆಗಿದೆ" ಅಂತ ಮಜ್ಜಿಗೆ ಕುಡಿಸುತ್ತೇವೆ, ಅಂಗಡಿಯಿಂದ ಬಿ-ಕಾಂಪ್ಲೆಕ್ಸ್ ತರುತ್ತೇವೆ, ಆ ಮಾತ್ರೆ ಮಾತ್ರ ನಡೆದೇ ಇರುತ್ತದೆ. ಜ್ವರ ಬಂದರೆ ಇನ್ನೊಬ್ಬ ಡಾಕ್ಟರ ಹತ್ತಿರ ಹೋಗುತ್ತೇವೆ, ಕೀಲುನೋವಿನ ಮಾತ್ರೆಯ ವಿಷಯ ಅವರಿಗೆ ಹೇಳುವುದಿಲ್ಲ. ಅವರು ಟ್ರೈಮೆಥೊಪ್ರಿಮ್ ಇರುವ ಆಂಟಿಬಯಾಟಿಕ್ ಕೊಟ್ಟರಂತೂ ಅದೂ ಫೋಲೇಟಿಗೇ ಅಡ್ಡ ಬರುತ್ತದೆ, ಅಲ್ಲಿಗೆ ಎರಡೂ ಸೇರಿ ಮಜ್ಜೆಯ ಮೇಲೆ ಬೀಳುತ್ತವೆ.

ತಪ್ಪು ಯಾರದು? ಅಂಗಡಿಯವರದ್ದು ಅಂತ ಹೇಳಿ ಮುಗಿಸಬಹುದು. ದುಡ್ಡು ಕೊಟ್ಟು ಪಡೆಯುವ ಚಿಕಿತ್ಸೆಯೂ ಗ್ರಾಹಕ ಕಾನೂನಿನ ಕೆಳಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ, ಕೇಸೂ ಹಾಕಬಹುದು. ನಿರ್ಲಕ್ಷ್ಯ ಇದ್ದರೆ ಹಾಕಲೇಬೇಕು ಕೂಡ. ಆದರೆ ನಾವು ಬಳಸುವ ಬರವಣಿಗೆಯನ್ನೇ ಒಮ್ಮೆ ನೋಡಿ. 1-0-1. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ಓದು ಬಾರದವರಿಗೂ ಅರ್ಥವಾಗುವ ಎಷ್ಟು ಒಳ್ಳೆಯ ಪದ್ಧತಿ! ಅದರಲ್ಲಿ ವಾರಕ್ಕೆ ಮಾತ್ರ ಜಾಗವೇ ಇಲ್ಲ. ದಿನಕ್ಕೆ ನೂರಾರು ಕವರಿನ ಮೇಲೆ ಇದನ್ನೇ ಬರೆಯುವ ಕೈ ಈ ಮಾತ್ರೆಗೂ ಅದನ್ನೇ ಬರೆಯುತ್ತದೆ. ಶೀಟು ಕತ್ತರಿಸಿದಾಗ ಎಷ್ಟೋ ಸಲ ಔಷಧದ ಹೆಸರೂ ಹೋಗಿರುತ್ತದೆ. ಔಷಧದ ಹೆಸರನ್ನು ಓದುವ ಹಾಗೆ, ಆದಷ್ಟು ಕ್ಯಾಪಿಟಲ್ ಅಕ್ಷರಗಳಲ್ಲಿ ಬರೆಯಬೇಕು ಅಂತ 2016ರಿಂದ ನಮ್ಮ ಡಾಕ್ಟರುಗಳಿಗೆ ನಿಯಮ ಇದೆ, ಸರಿ. ಆದರೆ ನಮ್ಮ ಚೀಟಿಯಲ್ಲಿ ಅಕ್ಷರ ಚೆನ್ನಾಗಿಯೇ ಇತ್ತಲ್ಲ.

ಯುರೋಪಿನಲ್ಲಿ 2019ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಪೆಟ್ಟಿಗೆಯ ಮೇಲೆ "ವಾರಕ್ಕೊಮ್ಮೆ" ಅಂತ ಎದ್ದು ಕಾಣುವಂತೆ ಹಾಕಲು, ರೋಗಿಯ ಕೈಗೆ ಒಂದು ಕಾರ್ಡ್ ಕೊಡಲು ಹೇಳಿತು. ವಾರದ ಯಾವ ದಿನ ಅನ್ನುವುದನ್ನೂ ಹೆಸರು ಹಿಡಿದು ಬರೆಯಬೇಕು. ಅದರಲ್ಲೂ ಸೋಮವಾರ ಬೇಡ ಅನ್ನುವ ತಜ್ಞರಿದ್ದಾರೆ, ಯಾಕೆಂದರೆ ಇಂಗ್ಲಿಷಿನ ಮಂಡೇ ಅವಸರದ ಕೈಬರಹದಲ್ಲಿ ಮಾರ್ನಿಂಗ್ ಥರ ಕಂಡು, ಜನ ದಿನಾ ಬೆಳಿಗ್ಗೆ ನುಂಗಿಬಿಟ್ಟದ್ದೂ ಇದೆ.

ನಿಮ್ಮ ಮನೆಯಲ್ಲಿ ಯಾರಾದರೂ ಇದನ್ನು ತೆಗೆದುಕೊಳ್ಳುತ್ತಿದ್ದರೆ ಇವತ್ತೇ ಕವರ್ ನೋಡಿ. ತಪ್ಪಾಗಿ ಜಾಸ್ತಿ ನುಂಗಿದ್ದು ಗೊತ್ತಾದರೆ, ಆರಾಮಾಗಿದ್ದಾರೆ ಅಂತ ಸುಮ್ನೆ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಲ್ಯೂಕೊವೊರಿನ್ ಅನ್ನುವ ಪ್ರತಿಮದ್ದು ಇದೆ, ಬೇಗ ಕೊಟ್ಟಷ್ಟೂ ಕೆಲಸ ಮಾಡುತ್ತದೆ.

ದೊಡ್ಡಮ್ಮ ಈಗಲೂ ಅದೇ ಔಷಧ ತೆಗೆದುಕೊಳ್ಳುತ್ತಾರೆ, ಮುಷ್ಟಿ ಕಟ್ಟುತ್ತಾರೆ, ಚಪಾತಿ ಹಿಟ್ಟು ನಾದುತ್ತಾರೆ. ಹೊಸ ಚೀಟಿಯಲ್ಲಿ ಡಾಕ್ಟರು ಕನ್ನಡದಲ್ಲೇ ಬರೆದಿದ್ದಾರೆ: ಗುರುವಾರ ಮಾತ್ರ.