10.6 ಅಂದರೆ ಎಷ್ಟು ಫೂಟು?

ಮನೆ ಕಟ್ಟಿಸುವವರು ಬಿಲ್ಲು ತಂದು ತೋರಿಸಿದಾಗ ನಾನು ಮೊದಲು ದರ ನೋಡುವುದಿಲ್ಲ. ಅಳತೆಯಲ್ಲಿ ಚುಕ್ಕಿ ಎಲ್ಲಿ ಬಿದ್ದಿದೆ ಅಂತ ನೋಡುತ್ತೇನೆ.

ಕಲಬುರಗಿಯಲ್ಲಿ ಗೌಂಡಿ ಕೋಣೆ ಅಳೆದು 10.6 ಅಂತ ಚೀಟಿಯಲ್ಲಿ ಬರೆದರೆ ಅದು ಹತ್ತು ಫೂಟು ಆರು ಇಂಚು. ಅದೇ ಚೀಟಿ ಅಂಗಡಿಗೆ ಹೋಗಿ ಕ್ಯಾಲ್ಕುಲೇಟರಿಗೆ ಬಿದ್ದರೆ ಹತ್ತು ಫೂಟು ಏಳು ಇಂಚಿಗೂ ಸ್ವಲ್ಪ ಜಾಸ್ತಿ ಆಗುತ್ತದೆ. ಆರು ಇಂಚು ಅಂದರೆ ಅರ್ಧ ಫೂಟು ಅಲ್ವಾ? 10.5 ಅಂತ ಒತ್ತಬೇಕಿತ್ತು. ಇದು ಚಿಲ್ಲರೆ ಬಿಡಿ. ಚೀಟಿಯಲ್ಲಿ 10.11 ಇದ್ದಾಗ ನೋಡಬೇಕು. ಹತ್ತು ಫೂಟು ಹನ್ನೊಂದು ಇಂಚು ಉದ್ದ, 12 ಫೂಟು ಅಗಲ ಇರುವ ಕೋಣೆ ಸರಿಯಾಗಿ 131 ಚದರ ಫೂಟು. ಕ್ಯಾಲ್ಕುಲೇಟರ್ 121 ತೋರಿಸುತ್ತದೆ. ಹತ್ತು ಚದರ ಫೂಟಿನ ಕೂಲಿ ಹೋಯಿತು, ಅದೂ ಒಂದೇ ಕೋಣೆಯಲ್ಲಿ. ಜಗಳ ಆದಮೇಲೂ ಇಬ್ಬರೂ ತಮ್ಮದೇ ಸರಿ ಅನ್ನುತ್ತಾರೆ. ಚೀಟಿಯಲ್ಲಿ ಬರೆದದ್ದು ಮಾತ್ರ ಒಂದೇ!

ಮೀಟರಿನಲ್ಲಿ ಅಳೆದರೆ ಈ ಗೊಡವೆಯೇ ಇಲ್ಲ. 3.33 ಅಂದರೆ 3.33. ಲೆಕ್ಕಕ್ಕೆ ಮೆಟ್ರಿಕ್ ಮೇಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆಯವರ ಜೊತೆ ಮಾತಾಡುವಾಗ ನಾನೂ ಫೂಟಿನಲ್ಲೇ ಮಾತಾಡುತ್ತೇನೆ. 'ಅಡುಗೆಮನೆ ಎಂಟು ಹತ್ತು' ಅಂದ ಕೂಡಲೇ ಅವರ ಕಣ್ಣಿಗೆ ಕೋಣೆ ಕಾಣುತ್ತದೆ. 2.44 ಮೀಟರು ಅಂದರೆ ಸುಮ್ನೆ ಮುಖ ನೋಡುತ್ತಾರೆ. ನನ್ನ ಅನುಭವದಲ್ಲಿ ದುಡ್ಡು ಹೋಗುವುದು ಫೂಟಿನಿಂದಲೂ ಅಲ್ಲ, ಮೀಟರಿನಿಂದಲೂ ಅಲ್ಲ. ಒಂದರಿಂದ ಇನ್ನೊಂದಕ್ಕೆ ದಾಟುವಾಗ 'ಹೆಚ್ಚುಕಮ್ಮಿ ಅಷ್ಟೇ' ಅಂತ ಬಿಡುತ್ತೇವಲ್ಲ, ಅಲ್ಲಿ.

ಟೈಲ್ಸನ್ನೇ ತೆಗೆದುಕೊಳ್ಳಿ. ಎಲ್ಲರೂ 'ಎರಡು ಬೈ ಎರಡು' ಅನ್ನುತ್ತಾರೆ. ಡಬ್ಬಿಯ ಮೇಲೆ 600 ಬೈ 600 ಮಿಲಿಮೀಟರ್ ಅಂತ ಇರುತ್ತದೆ. ಎರಡು ಫೂಟು ಅಂದರೆ 609.6 ಮಿಲಿಮೀಟರ್. ಹಾಗಾಗಿ ಒಂದು ಟೈಲು ನಾಲ್ಕು ಚದರ ಫೂಟಲ್ಲ, 3.875. ಸಾವಿರ ಚದರ ಫೂಟಿಗೆ ಅಂತ 250 ಟೈಲು ತಂದರೆ ಸುಮಾರು 31 ಚದರ ಫೂಟು ಬರಿದಾಗಿ ಉಳಿಯುತ್ತದೆ. ಕಟಿಂಗ್‌ನಲ್ಲಿ ಹಾಳಾಗುವುದು ಬೇರೆ. ಮತ್ತೆ ಎಂಟು ಹತ್ತು ಟೈಲಿಗೆ ಅಂಗಡಿಗೆ ಓಡಿದರೆ ಅದೇ ಬಣ್ಣದ ಮಾಲು ಖಾಲಿಯಾಗಿರುತ್ತದೆ. ಶಹಾಬಾದ್ ಪರ್ಸಿ ಹಾಸುತ್ತಿದ್ದ ಕಾಲದಲ್ಲಿ ಕಲ್ಲನ್ನು ಫೂಟು ಇಂಚಿನಲ್ಲೇ ಕಡಿದು ಫೂಟಿನಲ್ಲೇ ಮಾರುತ್ತಿದ್ದರು, ಇಂಥ ಗೋಜಲಿರಲಿಲ್ಲ.

ಪ್ಲಾಟ್ ಕೊಳ್ಳುವಾಗ ಇದೇ ಲೆಕ್ಕ ಇನ್ನೂ ತುಟ್ಟಿ. 30 ಬೈ 40 ಅಂದರೆ 9.144 ಬೈ 12.192 ಮೀಟರ್, 111.48 ಚದರ ಮೀಟರ್. ಕಾಗದದಲ್ಲಿ 9 ಬೈ 12 ಅಂತ ಗುಂಡು ಅಂಕಿ ಬಿದ್ದರೆ 108 ಚದರ ಮೀಟರ್ ಆಗುತ್ತದೆ. 37 ಚದರ ಫೂಟಿಗೂ ಮೇಲೆ ಮಾಯ. ಖರೀದಿ ಪತ್ರದಲ್ಲಿ ಎರಡೂ ಅಳತೆ ಇದ್ದರೆ ಎರಡನ್ನೂ ಗುಣಿಸಿ ತಾಳೆ ನೋಡಿ. ಹೈದರಾಬಾದಿನಲ್ಲಿ ಪ್ಲಾಟ್ ನೋಡುವ ಬೀದರಿನವರಿಗೆ ಗಜದ ಲೆಕ್ಕವೂ ಎದುರಾಗುತ್ತದೆ. ಅಲ್ಲಿ ಒಂದು ಗಜ ಅಂದರೆ ಒಂಬತ್ತು ಚದರ ಫೂಟು.

ನಮ್ಮ ಭಾಗ ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ್ದೂ, ಸಂಸತ್ತು ಮೆಟ್ರಿಕ್ ತೂಕ ಅಳತೆಯ ಕಾಯ್ದೆ ಮಾಡಿದ್ದೂ 1956ರಲ್ಲೇ. 1958ರ ಅಕ್ಟೋಬರ್‌ನಿಂದ ಹೊಸ ತೂಕಗಳು ಬಂದವು. ಸೇರು ಹೋಗಿ ಕಿಲೋ ಬಂತು, ಇವತ್ತು ತೊಗರಿ ಮಾರುಕಟ್ಟೆಯಲ್ಲಿ ಕ್ವಿಂಟಲ್ ಬಿಟ್ಟು ಬೇರೆ ಮಾತಿಲ್ಲ. ಹಾಗಾದರೆ ಫೂಟು ಯಾಕೆ ಉಳಿಯಿತು? ತೂಕದ ಕಲ್ಲನ್ನು ಬಿಸಾಕಿ ಹೊಸದು ತರಬಹುದು. ಹೊಲದ ಬದುವನ್ನು ಬಿಸಾಕಲು ಆಗುವುದಿಲ್ಲ. 33 ಫೂಟಿಗೆ 33 ಫೂಟು ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಪಹಣಿ ಆ ಲೆಕ್ಕದಲ್ಲೇ ಇದೆ, ಬದುಗಳೂ ಅದರ ಮೇಲೇ ಬಿದ್ದಿವೆ.

ಆದರೆ ಸರ್ಕಾರದ ದುಡ್ಡು ಹೆಕ್ಟೇರಿನಲ್ಲಿ ಬರುತ್ತದೆ. ಕೇಂದ್ರದ 2022ರ ನಿಯಮದಂತೆ ಮಳೆಯಾಶ್ರಿತ ಬೆಳೆ ಹಾಳಾದರೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ ಮಾತ್ರ. ಹೆಕ್ಟೇರು ಅಂದರೆ ಸುಮಾರು 2 ಎಕರೆ 19 ಗುಂಟೆ. ಎಕರೆಗೆ ಹಿಡಿದರೆ 3,440 ರೂಪಾಯಿ ಆಸುಪಾಸು. ಎಂಟೂವರೆ ಸಾವಿರವನ್ನು ಎಕರೆಯ ದರ ಅಂದುಕೊಂಡವರು ಖಾತೆಗೆ ಬಂದ ದುಡ್ಡು ನೋಡಿ ಮಧ್ಯೆ ಯಾರೋ ತಿಂದರು ಅನ್ನುತ್ತಾರೆ.

ಎಲ್ಲಾ ಬೆರಕೆಯೂ ಕೆಟ್ಟದ್ದಲ್ಲ. ಪ್ಲೈವುಡ್ ಉದ್ದಗಲ ಎಂಟು ಬೈ ನಾಲ್ಕು ಫೂಟು, ದಪ್ಪ 18 ಮಿಲಿಮೀಟರ್. ಯಾರಿಗೂ ತೊಂದರೆ ಆಗಿಲ್ಲ. ಹೊಲದ ಪೈಪು 63 ಮಿಲಿಮೀಟರಿನದ್ದು, ರೈತರು ಕೇಳುವುದು ಎರಡು ಇಂಚಿನದ್ದು, ಅಂಗಡಿಯವರು ಕೊಡುವುದು ಸರಿಯಾದದ್ದೇ. ಬಿಸಿಲು 43 ಡಿಗ್ರಿ ಅಂತ ಒದ್ದಾಡುವ ಮನೆಯಲ್ಲೇ ಮಗುವಿನ ಜ್ವರ 102 ಇರುತ್ತದೆ. ಕಬ್ಬಿಣದಲ್ಲಿ ಮಾತ್ರ ಹುಷಾರು. ಹಳೆಯ ಗೌಂಡಿಗಳು ಮೂರು ಸೂತು, ನಾಲ್ಕು ಸೂತು ಅನ್ನುತ್ತಾರೆ. ಸೂತು ಅಂದರೆ ಇಂಚಿನ ಎಂಟನೇ ಒಂದು ಭಾಗ. ಮೂರು ಸೂತು 9.5 ಮಿಲಿಮೀಟರ್, ಅದರ ಬದಲು 10ರ ರಾಡು ಬರುತ್ತದೆ, ಒಳ್ಳೆಯದೇ. ನಾಲ್ಕು ಸೂತು 12.7, ಅದರ ಬದಲು ಬರುವುದು 12. ರಾಡಿನ ತೂಕ ದಪ್ಪದ ವರ್ಗದಂತೆ ಏರುವುದರಿಂದ ಇಲ್ಲಿ ಹತ್ತರಲ್ಲಿ ಒಂದು ಪಾಲು ಕಬ್ಬಿಣ ಕಮ್ಮಿ. ನಕ್ಷೆಯಲ್ಲಿ ಎಂಜಿನಿಯರ್ ಬರೆದ ಮಿಲಿಮೀಟರನ್ನೇ ಹಿಡಿಯಿರಿ, ಸೂತಿಗೆ ತಿರುಗಿಸಬೇಡಿ.

ಪಾಯ ಹಾಕುವ ದಿನ ಗುನಿಯಾ ನೋಡುವಾಗ, ಅಂದರೆ ಮೂಲೆ ಸರಿಯಾಗಿ ಲಂಬಕೋನದಲ್ಲಿದೆಯಾ ಅಂತ ನೋಡುವಾಗ ಮಾತ್ರ ಟೇಪಿನ ಯಾವ ಕಡೆ ಓದಿದರೂ ನನ್ನ ತಕರಾರಿಲ್ಲ. ಒಂದು ಕಡೆ ಮೂರು, ಇನ್ನೊಂದು ಕಡೆ ನಾಲ್ಕು, ಕರ್ಣ ಐದು. ಫೂಟಾದರೂ ಸರಿ, ಮೀಟರಾದರೂ ಸರಿ, ಮೂಲೆ ನೆಟ್ಟಗೆ ಬರುತ್ತದೆ. ಮೂರೂ ಅಳತೆಯನ್ನು ಟೇಪಿನ ಒಂದೇ ಕಡೆ ಓದಿದರೆ ಆಯಿತು.